ಚೆಂಡು ಬಂದಾಗ ಬಾಯಿ ಬಿಡಬೇಕು

ಗೊನ್‌ಬದ್ ಊರಿನ ರೊಟ್ಟಿ ಅಂಗಡಿಗಳ ಮುಂದೆ ಇನ್ನೂ ಸಾಲು ಹತ್ತಿಲ್ಲ. ಕ್ರೀಡಾಂಗಣದ ಹಿಂಬಾಗಿಲು ಮಾತ್ರ ಆಗಲೇ ತೆರೆದಿದೆ. ಒಳಗೆ ಅರ್ಧದಷ್ಟು ದೀಪಗಳಷ್ಟೇ ಉರಿಯುತ್ತಿವೆ. ಬಲೆಯ ಪಕ್ಕದಲ್ಲೊಂದು ಮರದ ಸ್ಟೂಲು, ಅದರ ಮೇಲೆ ನಿಂತವರು ಅಯ್‌ನಬಾತ್ ಕೆಲ್ತೆ. ಕಾಲಬುಡದ ತಳ್ಳುಗಾಡಿಯಿಂದ ಒಂದೊಂದೇ ಚೆಂಡನ್ನು ಎತ್ತಿ, ಅಂಗೈಯಿಂದ ಬಾರಿಸಿ, ಆಚೆ ಬದಿಯ ಹುಡುಗಿಯರತ್ತ ಕಳಿಸುತ್ತಾರೆ. ಚೆಂಡಿಗಿಂತ ಮುಂಚೆ ಅವರ ದನಿ ಬಲೆ ದಾಟುತ್ತದೆ.

“ಬಾಯಿ! ಬಾಯಿ! ನಿಮ್ಮ ಕೈಕಾಲು ನೋಡೋಕೆ ಇಷ್ಟು ಬೇಗ ಎದ್ದು ಬಂದಿಲ್ಲ ನಾನು. ದನಿ ಕೇಳೋಕೆ ಬಂದಿದೀನಿ. ಯಾರದು ಚೆಂಡು?”

“ನಂದು!” ಎನ್ನುತ್ತಾಳೆ ಒಬ್ಬಳು. “ನಂದು!” ಎಂದು ಇನ್ನೊಬ್ಬಳು ಓಡುತ್ತಾಳೆ. ಖಾಲಿ ಆಸನಗಳಿಗೆ ತಾಗಿ ಆ ಮಾತು ಮರಳಿ ಬರುತ್ತದೆ.

ಮುಂದಿನ ಚೆಂಡು ಸೋನಾ ಮತ್ತು ತಾಜ್‌ಬಿಬಿಯರ ನಡುವೆ ಏರುತ್ತದೆ. ಇಬ್ಬರೂ ತಲೆ ಎತ್ತುತ್ತಾರೆ, ಇಬ್ಬರೂ ಓಡುತ್ತಾರೆ. ಸೋನಾ ಒಂದು ಹೆಜ್ಜೆ ಮೊದಲೇ ತಲುಪುತ್ತಾಳೆ. ತಲುಪಿದವಳು ತುಟಿ ಬಿಗಿದುಕೊಂಡು ಅಲ್ಲೇ ನಿಂತುಬಿಡುತ್ತಾಳೆ. ಇವಳು ತೆಗೆದುಕೊಳ್ಳುತ್ತಾಳೋ ಇಲ್ಲವೋ ತಿಳಿಯದೆ ತಾಜ್‌ಬಿಬಿಯೂ ನಿಲ್ಲುತ್ತಾಳೆ. ಚೆಂಡು ಇಬ್ಬರ ಮಧ್ಯೆ ಬಿದ್ದು, ಪುಟಿದು, ಮೂಲೆಗೆ ಉರುಳುತ್ತದೆ.

ಇರಾನಿನ ಮಹಿಳಾ ವಾಲಿಬಾಲ್ ತಂಡದ ಮುಖ್ಯ ಕೋಚ್ ಸ್ಟೂಲಿನಿಂದ ಇಳಿದು, ಕುಕ್ಕರಗಾಲಲ್ಲಿ ಕೂತು, ಎರಡೂ ಕೈಗಳಿಂದ ತಲೆ ಹಿಡಿದುಕೊಳ್ಳುತ್ತಾರೆ. ಸ್ವಲ್ಪ ಹೊತ್ತಿಗೆ ಭುಜ ಕುಲುಕುತ್ತದೆ. ಅಳುವಲ್ಲ, ನಗು.

“ಮೊಣಕಾಲು ನೋವು ಬಂದ ಆಟಗಾರ್ತಿ ಎಲ್ಲಾ ಕೋಚ್‌ಗೂ ಸಿಗ್ತಾಳೆ. ಅತ್ತಿಗೆ ನೋವು ಬಂದವಳು ನನಗೊಬ್ಬಳಿಗೇ ಸಿಕ್ಕಿರೋದು,” ಎನ್ನುತ್ತಾರೆ ಅಯ್‌ನಬಾತ್.

ನೋವಿನ ಮೂಲ ಇಷ್ಟು. ಸೋನಾ ತಂಡದ ಸೆಟ್ಟರ್. ಹೊಡೆಯುವವರಿಗೆ ಚೆಂಡು ಎತ್ತಿಕೊಡುವುದು ಅವಳ ಕೆಲಸ. ತಾಜ್‌ಬಿಬಿ ಲಿಬೆರೊ, ಹಿಂದೆ ನಿಂತು, ನೆಲಕ್ಕೆ ಬೀಳುವ ಚೆಂಡನ್ನು ಉಳಿಸುವವಳು. ಹೋದ ಚಳಿಗಾಲದಲ್ಲಿ ಸೋನಾ ತಾಜ್‌ಬಿಬಿಯ ತಮ್ಮನನ್ನು ಮದುವೆಯಾದಳು. ಈ ಸೀಮೆಯ ತುರ್ಕಮೆನ್ ಜನರ ಮನೆಯ ಹೊಸ ಸೊಸೆ ಗಂಡನ ಕಡೆಯ ಹಿರಿಯರೆದುರು ಮಾತಾಡುವುದಿಲ್ಲ. ತಲೆವಸ್ತ್ರದ ಅಂಚನ್ನು ತುಟಿಗಳ ನಡುವೆ ಹಿಡಿದಿರುತ್ತಾಳೆ. ಅದೇ ಯಶ್ಮಾಕ್. ಅತ್ತೆ ಒಂದು ದಿನ ಏನಾದರೂ ಉಡುಗೊರೆ ಕೊಟ್ಟು ‘ಇನ್ನು ಮಾತಾಡಮ್ಮ’ ಎಂದ ಮೇಲೆಯೇ ಅದು ಬಿಡುವುದು. ಊರಿನ ಎಷ್ಟೋ ಮನೆಗಳಲ್ಲಿ ಈಗ ಇದು ಮದುವೆಯ ವಾರದ ಮಟ್ಟಿಗಷ್ಟೇ ಉಳಿದಿದೆ. ಸೋನಾಳ ಅತ್ತೆ ಕುಮುಶ್ ಎಜೆಯ ಮನೆ ಅಂಥದಲ್ಲ. ಎಜೆ ಎಂದರೆ ಅಮ್ಮ. ಆ ಬೀದಿಗೆಲ್ಲ ಅವರು ಅಮ್ಮನೇ.

ಯಾರೂ ಸೋನಾಳ ಮೇಲೆ ಜೋರು ಮಾಡಿಲ್ಲ ಎಂಬುದನ್ನೂ ಹೇಳಬೇಕು. ಅಂಕಣದಲ್ಲಿ ಕೂಗಬೇಡ ಎಂದವರು ಯಾರೂ ಇಲ್ಲ. “ಕೂಗಬೇಕು ಅಂತಾನೇ ಓಡ್ತೀನಿ. ಅತ್ತಿಗೆ ಮುಖ ಕಂಡ ಕೂಡಲೆ ಗಂಟಲಿಗೆ ಬೀಗ ಬೀಳುತ್ತೆ,” ಎಂದು ಅವಳು ಅಯ್‌ನಬಾತ್ ಹತ್ತಿರ ಮಾತ್ರ ಹೇಳಿಕೊಳ್ಳುತ್ತಾಳೆ. ವಿರಾಮದಲ್ಲಿ ತಾಜ್‌ಬಿಬಿ ಪಕ್ಕಕ್ಕೆ ಬಂದರೆ ಟವೆಲಿನ ಅಂಚು ತಾನಾಗಿ ಬಾಯಿಗೆ ಹೋಗುತ್ತದೆ. ಏನಾದರೂ ಹೇಳಲೇಬೇಕಾದರೆ ಇಸ್ಫಹಾನಿನಿಂದ ಬಂದ ಕ್ಯಾಪ್ಟನ್ ನೌಶಿನ್ ನಡುವೆ ನಿಲ್ಲಬೇಕು.

“ನೌಶಿನ್, ಅವರಿಗೆ ಹೇಳು, ಸ್ವಲ್ಪ ಎಡಕ್ಕೆ ನಿಲ್ಲಬೇಕು ಅಂತ.”

“ತಾಜ್‌ಬಿಬಿ, ಸ್ವಲ್ಪ ಎಡಕ್ಕೆ ನಿಲ್ಲಬೇಕಂತೆ.”

“ಕೇಳಿಸ್ತು ಕಣೇ, ಇಲ್ಲೇ ಇದೀನಲ್ಲ!” ಎಂದು ತಾಜ್‌ಬಿಬಿ ಹಣೆ ಚಚ್ಚಿಕೊಳ್ಳುತ್ತಾಳೆ. “ಲೇ ಸೋನಾ, ನಾನೇ ಹೇಳ್ತಿದೀನಿ, ಕೂಗು. ಬೈಯಿ ಬೇಕಾದ್ರೆ.” ಸೋನಾ ತಲೆ ತಗ್ಗಿಸಿ ನಗುತ್ತಾಳೆ, ಅಷ್ಟೇ. ಬಿಡಿಸುವ ಹಕ್ಕು ಅತ್ತೆಯದು, ಅತ್ತಿಗೆಯದಲ್ಲ.

ಹಿಂದಿನ ತಿಂಗಳವರೆಗೆ ಇದು ನಗುವ ವಿಷಯವೇ ಆಗಿತ್ತು. ಇವತ್ತು ಹಾಗಲ್ಲ. ಮಧ್ಯಾಹ್ನ ಗೋರ್ಗಾನಿನ ಕ್ಲಬ್ ತಂಡದ ಜೊತೆ ಅಭ್ಯಾಸ ಪಂದ್ಯ. ನೋಡುವುದಕ್ಕೆ ತೆಹ್ರಾನಿನಿಂದ ಆಯ್ಕೆ ಸಮಿತಿಯ ಶಹ್ಲಾ ಖಾನುಮ್ ಬರುತ್ತಿದ್ದಾರೆ. ಈ ಶಿಬಿರದಿಂದ ಏಷ್ಯಾ ಪಂದ್ಯಾವಳಿಗೆ ಹೊರಡುವ ತಂಡದಲ್ಲಿ ಸೆಟ್ಟರ್‌ಗೆ ಒಂದು ಜಾಗ ಉಳಿದಿದೆ. ‘ಬಾಯಿಲ್ಲದ ಸೆಟ್ಟರ್ ನಮಗೇಕೆ’ ಎಂದು ಅವರು ಫೋನಿನಲ್ಲಿ ಒಮ್ಮೆ ಕೇಳಿಯಾಗಿದೆ. ಸಂಜೆಯೊಳಗೆ ಹೆಸರು ತೀರ್ಮಾನವಾಗಬೇಕು. ಸೋನಾಳ ಮನೆಯಲ್ಲೂ ಒಂದು ಮಾತಾಗಿದೆ: ಈ ಸಲ ದೇಶದ ತಂಡಕ್ಕೆ ತೆಗೆದುಕೊಂಡರೆ ಆಡಲಿ, ಇಲ್ಲದಿದ್ದರೆ ಆಟ ಸಾಕು. ಇವತ್ತು ಬಾಯಿ ಬಿಡದಿದ್ದರೆ ಸೋನಾಳ ನುರಿತ ಕೈಗಳು ಇನ್ನು ಚೆಂಡು ಮುಟ್ಟುವುದು ಅನುಮಾನ.

ಆ ಕೈಗಳ ಬೆಲೆ ಎಷ್ಟೆಂದು ಅಯ್‌ನಬಾತ್‌ಗೆ ಬೇರೆಯವರು ಹೇಳಬೇಕಾಗಿಲ್ಲ. ಅವರೂ ಸೆಟ್ಟರ್ ಆಗಿದ್ದವರೇ. ಈ ಸೀಮೆಯಲ್ಲಿ ಗೋಧಿ ಕಟಾವು ಮುಗಿದರೆ ಸಾಕು, ಬೀದಿಬೀದಿಗೆ ಬಲೆ ಕಟ್ಟುತ್ತಾರೆ. ಅಯ್‌ನಬಾತರ ಬಾಲ್ಯದ ಮನೆಯ ಗೋಡೆಗೆ ಹೊಂದಿಕೊಂಡೇ ಗಂಡಸರ ಅಂಕಣವಿತ್ತು. ಗೋಡೆ ದಾಟಿ ಅಂಗಳಕ್ಕೆ ಬಿದ್ದ ಚೆಂಡನ್ನು ವಾಪಸ್ ಮಾಡುವುದು ಆ ಹುಡುಗಿಯ ಪಾಲಿನ ಕೆಲಸ. ಅವಳು ಎಸೆಯುತ್ತಿರಲಿಲ್ಲ, ಬೆರಳ ತುದಿಯಿಂದ ಎತ್ತಿಕೊಡುತ್ತಿದ್ದಳು. ಚೆಂಡು ಗೋಡೆ ದಾಟಿ, ಸರ್ವ್ ಮಾಡುವವನ ಕೈಗೇ ಹೋಗಿ ಇಳಿಯುತ್ತಿತ್ತು. ಆಚೆಯವರು ಅದು ಅವಳ ತಮ್ಮನ ಕೈಚಳಕ ಎಂದುಕೊಂಡು ಅವನನ್ನು ಆಟಕ್ಕೆ ಕರೆದರು. ಅವನು ಮೊದಲ ಚೆಂಡಿಗೇ ಮೂಗು ಒಡೆದುಕೊಂಡು ಬಂದ ಎನ್ನುತ್ತಾರೆ ಅಯ್‌ನಬಾತ್. ಮೂಗು ಒಡೆಯಲಿಲ್ಲ, ಬರೀ ಊದಿತ್ತು ಎನ್ನುತ್ತಾನೆ ತಮ್ಮ.

ಅಲ್ಲಿಂದ ಶಾಲೆಯ ತಂಡ, ಕ್ಲಬ್ಬು, ಆಮೇಲೆ ದೇಶದ ತಂಡ. ತೆಹ್ರಾನಿಗೆ ಹೋಗುವ ಬಸ್ಸುಗಳಲ್ಲಿ ಕಾಲು ಚಾಚಲು ಜಾಗವಿಲ್ಲದೆ ಹೋಗಿಬಂದ ವರ್ಷಗಳು. ಮಗಳು ಆಟಕ್ಕೆ ಹೋಗುವುದು ತಂದೆಗೆ ಇಷ್ಟವಿರಲಿಲ್ಲ. ಬಸ್ ನಿಲ್ದಾಣಕ್ಕೆ ಬಿಟ್ಟು ಬರುತ್ತಿದ್ದವರೂ ಅವರೇ. ದಾರಿಯುದ್ದಕ್ಕೂ ಮಾತಿಲ್ಲ, ಬಸ್ ಹೊರಟಾಗ ಕಿಟಕಿಯಿಂದ ಒಂದು ರೊಟ್ಟಿಯ ಗಂಟು ಒಳಗೆ ಬರುತ್ತಿತ್ತು. ತಾಯಿ ಕಸೂತಿಯಲ್ಲಿ ಹೆಸರಾದವರು. ತಂಡದ ಉಡುಪಿನ ಮೇಲೆ ಹೂವು ಹಾಕುವಂತಿಲ್ಲ ಎಂದು ತಿಳಿದು, ಪ್ಯಾಂಟಿನ ತುದಿಯನ್ನು ಮಡಚಿ ಒಳಮೈಗೆ ಹೂವು ಹಾಕಿಕೊಟ್ಟರು. “ಎಗರಿದಾಗ ಒಂದೊಂದು ಸಲ ಕಾಣ್ತಿತ್ತು. ರೆಫ್ರಿ ಒಮ್ಮೆ ಪಂದ್ಯ ನಿಲ್ಲಿಸಿ ಹತ್ತಿರ ಬಂದು ನೋಡಿದ್ರು. ನೋಡಿ, ಚೆನ್ನಾಗಿದೆ ಅಂತ ಹೇಳಿ ಹೋದ್ರು,” ಎನ್ನುತ್ತಾರೆ ಅಯ್‌ನಬಾತ್.

ಮೊಣಕಾಲು ಕೈಕೊಟ್ಟಾಗ ಆಟ ನಿಂತಿತು. ಊರಿಗೆ ಬಂದು ಹೆಣ್ಣುಮಕ್ಕಳ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕಿಯಾದರು. ರಜೆ ಬಂದಾಗಲೆಲ್ಲ ದೇಶದ ತಂಡಕ್ಕೆ ಸಹಾಯಕ ಕೋಚ್. ಹೊರದೇಶದ ಕೋಚ್‌ಗಳು ಬಂದರು, ಹೋದರು. ಅವರ ಮಾತನ್ನು ಹುಡುಗಿಯರಿಗೆ ದಾಟಿಸುವುದು, ಹುಡುಗಿಯರ ಅಳುವನ್ನು ಅವರಿಗೆ ದಾಟಿಸುವುದು, ಎದುರಾಳಿಗಳ ವಿಡಿಯೊ ನೋಡಿ ಟಿಪ್ಪಣಿ ಮಾಡುವುದು, ಕಾಲಿಗೆ ಪಟ್ಟಿ ಸುತ್ತುವುದು, ಎಲ್ಲ ಇವರದೇ. ಗೆದ್ದ ತಂಡದ ಫೋಟೊಗಳಲ್ಲಿ ಎಡತುದಿಯಲ್ಲಿ ಅರ್ಧ ಮುಖ ಕಂಡರೆ ಅದು ಅಯ್‌ನಬಾತ್. ಮುಖ್ಯ ಕೋಚ್ ಆದದ್ದು ಈ ವರ್ಷ. ಊರಿಗೆ ಅದು ಇನ್ನೂ ಸರಿಯಾಗಿ ತಲುಪಿಲ್ಲ. ಮಾರುಕಟ್ಟೆಯ ಕರಬೂಜ ವ್ಯಾಪಾರಿ ಮೊನ್ನೆ ಹಣ್ಣು ತಟ್ಟಿ ಆರಿಸಿಕೊಡುತ್ತ, “ಮೇಡಂ, ನಮ್ಮ ಹೆಣ್ಣುಮಕ್ಕಳ ತಂಡದ ಕೋಚ್‌ಗೆ ಬುದ್ಧಿ ಇಲ್ಲ ನೋಡಿ. ನಿಮ್ಮಂಥ ಟೀಚರ್ ಯಾರಾದ್ರೂ ಕೂತು ಹೇಳಿಕೊಡಬೇಕು,” ಎಂದನಂತೆ. “ಹೇಳಿ ನೋಡ್ತೀನಿ ಅಣ್ಣಾ, ಕೇಳಲ್ಲ ಅವಳು,” ಎಂದು ಇವರು ಹಣ್ಣು ತೆಗೆದುಕೊಂಡು ಬಂದರು.

ಬೆಳಗಿನ ಅಭ್ಯಾಸ ಮುಗಿದಿದೆ. ಅಯ್‌ನಬಾತ್ ಸ್ನಾನವನ್ನೂ ಮಾಡದೆ, ಟ್ರ್ಯಾಕ್‌ಸೂಟಿನ ಮೇಲೆ ಹೂವಿನ ಶಾಲು ಹೊದ್ದು ಕುಮುಶ್ ಎಜೆಯ ಮನೆಗೆ ಹೊರಡುತ್ತಾರೆ. ಇಷ್ಟು ದಿನ ಹೋಗಿರಲಿಲ್ಲ. ಮನೆಯೊಳಗಿನ ವಿಷಯಕ್ಕೆ ಕೋಚ್ ಕೈ ಹಾಕಬಾರದು ಎಂಬ ಅಳುಕು. ಚಪ್ಪಾಳೆ ತಟ್ಟುವುದು, ನೆಲಕ್ಕೆ ಕಾಲು ಬಡಿಯುವುದು, ಎಲ್ಲ ಉಪಾಯ ಮಾಡಿ ನೋಡಿಯಾಗಿದೆ. ಕಾಲು ಬಡಿಯುವ ಉಪಾಯದಲ್ಲಿ ಇಡೀ ತಂಡ ಕುದುರೆಗಳ ಹಾಗೆ ಸದ್ದು ಮಾಡಿತೇ ಹೊರತು ಚೆಂಡು ಯಾರದೆಂದು ಗೊತ್ತಾಗಲಿಲ್ಲ.

ಕುಮುಶ್ ಎಜೆ ಜಮಖಾನದ ಮೇಲೆ ಕೂತಿದ್ದಾರೆ. ಅವರಿಗೊಂದು, ಬಂದವರಿಗೊಂದು, ಬೇರೆ ಬೇರೆ ಟೀ ಕೆಟಲು ಬರುತ್ತದೆ. ಕೆಟಲು ಅರ್ಧವಾದರೂ ಖಾಲಿಯಾಗದೆ ವಿಷಯ ಎತ್ತುವುದು ಮರ್ಯಾದೆಯಲ್ಲ. ಅಯ್‌ನಬಾತ್ ಬಿಸಿ ಟೀಯನ್ನು ಗಂಟಲು ಸುಟ್ಟುಕೊಂಡು ಕುಡಿಯುತ್ತಾರೆ.

“ನಿಧಾನ ಕುಡಿಯೇ, ಬಸ್ಸೇನು ಹೊರಟಿಲ್ಲ,” ಎನ್ನುತ್ತಾರೆ ಎಜೆ. “ನನ್ನ ಸೊಸೆ ಆಡ್ತಾಳಾ, ಬರೀ ಓಡ್ತಾಳಾ?”

“ಆಡ್ತಾಳೆ ಎಜೆ. ಅಂಥ ಕೈ ನಾನು ನೋಡಿಲ್ಲ.”

“ಮತ್ತೆ ನಿನ್ನ ಮುಖ ಯಾಕೆ ಹಳಸಿದ ಮೊಸರು ಕುಡಿದವರ ಹಾಗಿದೆ?”

“ಕೈ ಇದೆ. ಬಾಯಿ ಇಲ್ಲ.”

ಎಜೆ ಬಿದ್ದು ಬಿದ್ದು ನಗುತ್ತಾರೆ. “ಬಾಯಿ ಇಲ್ಲದ ಸೊಸೆ ಸಿಗಲಿ ಅಂತ ಊರೆಲ್ಲಾ ಬೇಡಿಕೊಳ್ಳುತ್ತೆ, ನೀನು ದೂರು ತಂದಿದೀಯಲ್ಲ! ನಮ್ಮತ್ತೆ ಮುಂದೆ ಮೂರು ವರ್ಷ ತುಟಿ ಬಿಚ್ಚಿಲ್ಲ ನಾನು. ಆಮೇಲೆ ಗೊತ್ತಾಯ್ತು, ಆಕೆಗೆ ಕಿವೀನೇ ಕೇಳ್ತಿರಲಿಲ್ಲ ಅಂತ.”

“ಗೊತ್ತಾದ ಮೇಲೆ ಮಾತಾಡಿದ್ರಾ?”

“ಇಲ್ಲ. ಅಭ್ಯಾಸ ಆಗಿಹೋಗಿತ್ತು.” ಎಜೆ ಬಟ್ಟಲಿಗೆ ಟೀ ಬಗ್ಗಿಸಿಕೊಳ್ಳುತ್ತಾರೆ. “ಅದಿರಲಿ, ಆಟದಲ್ಲಿ ಏನಂತ ಕೂಗಬೇಕು ಅವಳು?”

“‘ನಂದು’ ಅಂತ.”

ಬಟ್ಟಲು ನೆಲಕ್ಕಿಳಿಯುತ್ತದೆ. “ಯಾರೆದುರಿಗೆ?”

“ತಾಜ್‌ಬಿಬಿ ಎದುರಿಗೆ.”

“ಈ ಮನೆಗೆ ಬಂದವಳು ಅತ್ತಿಗೆ ಹತ್ತಿರ ಆಡೋ ಮೊದಲನೇ ಮಾತು ‘ನಂದು’ ಅಂತಾನಾ?”

ಅಯ್‌ನಬಾತ್ ತಮ್ಮ ಬಟ್ಟಲನ್ನೂ ಕೆಳಗಿಡುತ್ತಾರೆ. ತಿಂಗಳುಗಟ್ಟಲೆ ಅವರು ಮೌನದ ಬಗ್ಗೆ ತಲೆ ಕೆಡಿಸಿಕೊಂಡಿದ್ದರು, ಆ ಮಾತಿನ ಬಗ್ಗೆ ಅಲ್ಲ. ಎಜೆ ಹೇಳಿದ್ದರಲ್ಲಿ ತಪ್ಪೇನಿದೆ? ಯಶ್ಮಾಕ್ ಬಿಟ್ಟ ಸೊಸೆ ಮೊದಲು ಆಡುವುದು ಆರೋಗ್ಯ ವಿಚಾರಿಸುವ ಮಾತು, ಹರಸಿ ಎಂದು ಕೇಳುವ ಮಾತು. ಕಿತ್ತುಕೊಳ್ಳುವ ಮಾತಲ್ಲ. ಕೆಟಲಿನಲ್ಲಿ ಉಳಿದ ಟೀಯನ್ನು ಬಗ್ಗಿಸಿಕೊಂಡು ಕುಡಿದು ಮುಗಿಸುತ್ತಾರೆ.

“ಸರಿ ಎಜೆ. ಸೋನಾ ಕೇಳೋದು ಬೇಡ. ತಾಜ್‌ಬಿಬಿ ಕೊಡಬಹುದಾ? ಚೆಂಡು ಬಂದಾಗ ಅವಳೇ ‘ನಿಂದು’ ಅಂತ ಕೂಗಿದ್ರೆ?”

“ದೊಡ್ಡವರು ಚಿಕ್ಕವರಿಗೆ ಕೊಡೋಕೆ ಯಾರ ಅಪ್ಪಣೆ ಬೇಕು? ಕೊಡಲಿ.”

“ಮಧ್ಯಾಹ್ನ ಬನ್ನಿ, ಪಂದ್ಯ ಇದೆ.”

“ಆ ಆಟ ನನಗೇನು ತಿಳಿಯುತ್ತೆ?”

“ತಿಳಿಯೋದೇನಿಲ್ಲ ಎಜೆ. ಚೆಂಡು ನೆಲಕ್ಕೆ ಬೀಳಬಾರದು, ಅಷ್ಟೇ.”

ಮಧ್ಯಾಹ್ನ ಕುಮುಶ್ ಎಜೆ ನೆರೆಮನೆಯ ಇಬ್ಬರು ಹೆಂಗಸರನ್ನು, ಒಂದು ಫ್ಲಾಸ್ಕನ್ನು, ಮಡಿಲ ತುಂಬ ಸೂರ್ಯಕಾಂತಿ ಬೀಜವನ್ನು ತೆಗೆದುಕೊಂಡು ಮೂರನೇ ಸಾಲಿನಲ್ಲಿ ಬಂದು ಕೂರುತ್ತಾರೆ. ಅವರು ಈ ಕಟ್ಟಡದೊಳಗೆ ಕಾಲಿಟ್ಟದ್ದು ಇದೇ ಮೊದಲು. ಹೆಣ್ಣುಮಕ್ಕಳ ಪಂದ್ಯಕ್ಕೆ ಗಂಡಸರಿಗೆ ಪ್ರವೇಶವಿಲ್ಲ. ಅಯ್‌ನಬಾತರ ಗಂಡ ಯೂಸುಪ್ ಲಾರಿ ಚಾಲಕ. ಶಿಬಿರ ನಡೆವಾಗ ತಂಡಕ್ಕೆ ಅಡುಗೆ ಭಟ್ಟ. ಕುರಿಮಾಂಸದ ಅನ್ನದ ಹಂಡೆಯನ್ನು ಬಾಗಿಲ ಹೊರಗೆ ಇಟ್ಟುಕೊಂಡು, ಸಂದಿಯಿಂದ ಕೂಗಿ ಕೇಳುತ್ತಿದ್ದಾರೆ: “ಸ್ಕೋರ್ ಎಷ್ಟು? ಯಾರಾದ್ರೂ ಹೇಳ್ರಮ್ಮಾ!” ಮನೆಯಲ್ಲಿ ತಾನೇ ಸಹಾಯಕ ಕೋಚ್ ಎಂದು ಅವರು ಹೇಳಿಕೊಳ್ಳುವುದುಂಟು.

ಹೊಸ ಉಪಾಯ ಮೊದಲ ಸೆಟ್ಟಿನಲ್ಲೇ ಫಲ ಕೊಡುತ್ತದೆ. ಹಿಂದೆ ನಿಂತ ತಾಜ್‌ಬಿಬಿಗೆ ಇಡೀ ಅಂಕಣ ಕಾಣುತ್ತದೆ. “ನಿಂದು ಸೋನಾ! ನಿಂದು ನೌಶಿನ್! ನಿಂದು, ನಿಂದು!” ಸೋನಾ ಮಾತಿಲ್ಲದೆ ಚೆಂಡಿನಡಿಗೆ ಜಾರಿಕೊಂಡು, ಬೆರಳುಗಳಿಂದ ಅದನ್ನು ಸದ್ದಿಲ್ಲದೆ ಎತ್ತಿಕೊಡುತ್ತಾಳೆ. ಅವಳು ಯಾವ ಕಡೆಗೆ ಕೊಡುತ್ತಾಳೆಂದು ಗೋರ್ಗಾನಿನವರಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ.

“ನಿಮ್ಮ ಲಿಬೆರೊ ಯಾಕೆ ಎಲ್ಲರಿಗೂ ದಾನ ಮಾಡ್ತಿದ್ದಾಳೆ?” ಪಕ್ಕದಲ್ಲಿ ಕೂತ ಶಹ್ಲಾ ಖಾನುಮ್ ಕೇಳುತ್ತಾರೆ.

“ಒಳ್ಳೆ ಮನೆತನ ಖಾನುಮ್,” ಎನ್ನುತ್ತಾರೆ ಅಯ್‌ನಬಾತ್.

ಶಹ್ಲಾ ಖಾನುಮ್ ನಗುತ್ತಾರೆ. ಆದರೆ ಅವರೂ ಆಡಿದವರು, ಸುಲಭಕ್ಕೆ ಬಿಡುವವರಲ್ಲ. “ಕೈ ಚೆನ್ನಾಗಿದೆ, ಒಪ್ಪಿದೆ. ದಾನ ಮಾಡೋಳು ನೆಲಕ್ಕೆ ಬಿದ್ದಿದ್ದಾಗ ಏನು ಮಾಡ್ತೀರಿ?”

ಆ ಪ್ರಶ್ನೆ ಅಯ್‌ನಬಾತರ ತಲೆಯಲ್ಲೂ ಬೆಳಗಿನಿಂದ ಇದೆ.

ಉತ್ತರ ಕೊನೆಯ ಸೆಟ್ಟಿನಲ್ಲಿ ತಾನಾಗಿ ಬರುತ್ತದೆ. ಗೋರ್ಗಾನಿನ ಎತ್ತರದ ಹುಡುಗಿಯೊಬ್ಬಳು ಹೊಡೆದ ಚೆಂಡಿಗೆ ತಾಜ್‌ಬಿಬಿ ಮೈಚಾಚಿ ಹಾರುತ್ತಾಳೆ. ಚೆಂಡು ಅವಳ ಮುಂಗೈಗೆ ತಗುಲಿ ಛಾವಣಿಯ ದೀಪದವರೆಗೂ ಏರುತ್ತದೆ. ಅವಳು ಬೋರಲು ಬಿದ್ದು, ಉಸಿರು ಕಟ್ಟಿ, ಬಾಯಿ ತೆರೆದರೂ ದನಿ ಹೊರಡುವುದಿಲ್ಲ. ಆ ಕಡೆಯಿಂದ ನೌಶಿನ್ ಓಡುತ್ತಾಳೆ, ಈ ಕಡೆಯಿಂದ ಸೋನಾ. ಸೋನಾಳ ಕಾಲ ಬಳಿಯೇ ಅತ್ತಿಗೆ ಬಿದ್ದಿದ್ದಾಳೆ. ಸೋನಾಳ ಬಾಯಿ ಮುಚ್ಚಿದೆ. ಅಯ್‌ನಬಾತ್ ಎದ್ದು ನಿಂತಿದ್ದಾರೆ. ಕೂಗಲು ಬಾಯಿ ತೆರೆದವರು ಹಲ್ಲು ಕಚ್ಚಿ ತಡೆದುಕೊಳ್ಳುತ್ತಾರೆ. ತಾನು ಕೂಗಿ ಬಿಡಿಸಬಹುದಾದ ಬಾಯಿ ಅದಲ್ಲ ಎಂದು ಅವರಿಗೆ ಗೊತ್ತು. ಚೆಂಡು ಇಳಿಯುತ್ತಿದೆ.

ಮೂರನೇ ಸಾಲಿನಿಂದ ಸೂರ್ಯಕಾಂತಿ ಬೀಜಗಳು ಚೆಲ್ಲಾಪಿಲ್ಲಿಯಾಗಿ ಹಾರುತ್ತವೆ.

“ಬೀಳುತ್ತೆ ಕಣೇ ಸೋನಾ! ನಿಂದು, ನಿಂದೇ! ಬಾಯಿ ಬಿಡೇ ಹುಡುಗಿ!”

ಇಡೀ ಕ್ರೀಡಾಂಗಣ ತಿರುಗಿ ನೋಡುತ್ತದೆ. ಕುಮುಶ್ ಎಜೆ ಆಸನದ ಮೇಲೆಯೇ ನಿಂತಿದ್ದಾರೆ, ಎರಡೂ ಕೈ ಮೇಲೆತ್ತಿ, ತಾನೇ ಚೆಂಡು ಹಿಡಿಯುವವರಂತೆ.

“ನಂದು!”

ಆ ದನಿ ಒಡೆದಿದೆ, ಬಿರಿದಿದೆ, ಬೇಕಾದ್ದಕ್ಕಿಂತ ಹೆಚ್ಚು ಜೋರಾಗಿದೆ. ತಿಂಗಳುಗಳಿಂದ ಒಳಗೆ ಕೂತಿದ್ದು ಒಟ್ಟಿಗೆ ಹೊರಬಂದ ಹಾಗೆ. ನೌಶಿನ್ ಬೆಚ್ಚಿಬಿದ್ದು ನಿಂತು, ಸಾವರಿಸಿಕೊಂಡು ಬಲೆಯತ್ತ ಓಡುತ್ತಾಳೆ. ಸೋನಾ ಹಿಂದಕ್ಕೆ ಬಾಗಿ ಎತ್ತಿಕೊಟ್ಟ ಚೆಂಡು ಹೋಗಬೇಕಾದ ಜಾಗಕ್ಕೇ ಹೋಗುತ್ತದೆ. ನೌಶಿನ್ ಮಾತ್ರ ಆ ಕೂಗಿನ ಗಾಬರಿಯಿಂದ ಇನ್ನೂ ಹೊರಬಂದಿಲ್ಲ. ಹೊಡೆದ ಚೆಂಡು ಗೆರೆಯಿಂದಾಚೆ ಬೀಳುತ್ತದೆ.

ಪಾಯಿಂಟು ಹೋಯಿತು. ಆದರೂ ತಂಡದವರೆಲ್ಲ ಸೋನಾಳ ಮೇಲೆ ಬಿದ್ದು ಕುಣಿಯುತ್ತಿದ್ದಾರೆ. ಗೋರ್ಗಾನಿನವರು ಸ್ಕೋರ್ ಬೋರ್ಡು ನೋಡುತ್ತಾರೆ, ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಬಾಗಿಲ ಸಂದಿಯಿಂದ ಯೂಸುಪ್, “ಗೆದ್ವಾ? ಗೆದ್ವಾ?” ಎನ್ನುತ್ತಿದ್ದಾರೆ. ನೆಲದ ಮೇಲಿನ ತಾಜ್‌ಬಿಬಿಗೆ ಈಗ ಉಸಿರು ಮರಳಿದೆ. “ಅಮ್ಮಾ, ನಾನು ಸತ್ತಿದೀನಾ ಬದುಕಿದೀನಾ ಅಂತ ಯಾರೂ ಕೇಳಲ್ವಾ?” ಎಂದು ಅಲ್ಲಿಂದಲೇ ಕೂಗುತ್ತಾಳೆ.

“ಹೇಗಿದೀರಾ ಅತ್ತಿಗೆ?” ಎಂದು ಸೋನಾ ಬಗ್ಗಿ ಕೈ ಕೊಡುತ್ತಾಳೆ. ತಾಜ್‌ಬಿಬಿ ಆ ಕೈ ಹಿಡಿದುಕೊಂಡು, ಏಳುವುದನ್ನು ಮರೆತು, ಅವಳ ಮುಖವನ್ನೇ ನೋಡುತ್ತ ಕೂರುತ್ತಾಳೆ.

ಅಲ್ಲಿಂದ ಮುಂದೆ ಸೋನಾಳ ಬಾಯಿ ನಿಲ್ಲುವುದಿಲ್ಲ. ‘ನಂದು’ ಎನ್ನುತ್ತಾಳೆ, ‘ಬಿಡಿ’ ಎನ್ನುತ್ತಾಳೆ, ‘ಅತ್ತಿಗೆ ಎಡಕ್ಕೆ’ ಎನ್ನುತ್ತಾಳೆ. ನಡುನಡುವೆ ತಾಜ್‌ಬಿಬಿಯ ‘ನಿಂದು’ ಕೂಡ ಕೇಳುತ್ತಲೇ ಇರುತ್ತದೆ. ಅದನ್ನು ಬಿಡಬೇಡಿ, ಎರಡೂ ಇರಲಿ ಎಂದು ಅಯ್‌ನಬಾತ್ ಬೆಂಚಿನಿಂದ ಸನ್ನೆ ಮಾಡುತ್ತಾರೆ. ಸೆಟ್ಟು ಕೊನೆಗೆ ಅವರ ಪಾಲಾಗುತ್ತದೆ. ಶಹ್ಲಾ ಖಾನುಮ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, “ಆ ಹುಡುಗಿಯ ಹೆಸರೇ ಹಾಕಿ. ಸಾಧ್ಯವಾದರೆ ಆ ಮೂರನೇ ಸಾಲಿನ ಅಜ್ಜಿಯದೂ,” ಎನ್ನುತ್ತಾರೆ.

ಪಂದ್ಯ ಮುಗಿದ ಮೇಲೆ ಕುಮುಶ್ ಎಜೆ ಮೆಟ್ಟಿಲಿಳಿದು ಅಂಕಣದೊಳಕ್ಕೇ ಬರುತ್ತಾರೆ. ತಲೆ ಮೇಲಿನ ಕೆಂಪು ಹೂವಿನ ಶಾಲನ್ನು ತೆಗೆದು ಸೋನಾಳ ಬೆವರಿದ ಹೆಗಲಿಗೆ ಹೊದಿಸುತ್ತಾರೆ. “ಮಾತಾಡಮ್ಮ ಇನ್ನು. ನಾಲ್ಕು ಜನದೆದುರು ನಾನೇ ಬಿಡಿಸಿದ ಮೇಲೆ ಮುಚ್ಚೋದು ಹೇಗೆ?” ಎಂದು ಅವಳ ಗಲ್ಲ ತಟ್ಟುತ್ತಾರೆ. ಸೋನಾ ಅತ್ತೆಯ ಕೈಗೆ ಮುತ್ತಿಡುತ್ತಾಳೆ. ಆಡಬೇಕಾದ ಮಾತುಗಳನ್ನೆಲ್ಲ ಈಗ ಆಡುತ್ತಾಳೆ: ಆರೋಗ್ಯ ಹೇಗಿದೆ, ಸೊಂಟ ನೋವು ಕಡಿಮೆಯಾಯಿತೇ, ಹರಸಿ ಎಜೆ. ಕ್ರಮ ಹಿಂದುಮುಂದಾಯಿತು, ನಿಜ. ಎಜೆಯ ಮುಖದಲ್ಲಿ ಆ ಬಗ್ಗೆ ತಕರಾರು ಕಾಣುವುದಿಲ್ಲ.

ಹೊರಗೆ ಯೂಸುಪ್ ಹಂಡೆಯ ಮುಚ್ಚಳ ತೆಗೆದಿದ್ದಾರೆ. ಹುಡುಗಿಯರು ತಟ್ಟೆ ಹಿಡಿದು ಮುತ್ತಿಕೊಂಡಿದ್ದಾರೆ. ಸೋನಾಳಿಗೂ ತಾಜ್‌ಬಿಬಿಗೂ ಮೊದಲ ಜಗಳ ಶುರುವಾಗಿದೆ. ಕೊನೆಯ ಸೆಟ್ಟಿನಲ್ಲಿ ಬಿಟ್ಟುಹೋದ ಒಂದು ಚೆಂಡು ಯಾರದಾಗಿತ್ತು ಎಂಬ ಬಗ್ಗೆ. ನೌಶಿನ್ ಅಭ್ಯಾಸಬಲದಿಂದ ನಡುವೆ ಹೋಗಿ ನಿಂತಿದ್ದಾಳೆ. “ನೀನು ಆಚೆ ಹೋಗೇ,” ಎಂದು ಇಬ್ಬರೂ ಒಟ್ಟಿಗೆ ಅವಳನ್ನು ತಳ್ಳುತ್ತಾರೆ.

ಕುಮುಶ್ ಎಜೆ ಅಯ್‌ನಬಾತ್ ಪಕ್ಕ ಮೆಟ್ಟಿಲ ಮೇಲೆ ಕೂರುತ್ತಾರೆ. “ಸೊಸೆಗೆ ಶಾಲು ಕೊಟ್ಟೆ. ಮಧ್ಯೆ ನಿಂತು ಮಾಡಿಸಿದವಳಿಗೂ ಏನಾದ್ರೂ ಕೊಡಬೇಕಲ್ಲ. ಕೇಳು, ಏನು ಬೇಕು ನಿನಗೆ?”

“ಏನೂ ಬೇಡ ಎಜೆ.”

“ಬೇಡ ಅಂದ್ರೆ ನಾನು ಏಳಲ್ಲ. ಕೇಳೇ.”

ಅಯ್‌ನಬಾತ್ ಹುಡುಗಿಯರ ಕಡೆ ಕೈ ತೋರಿಸುತ್ತಾರೆ. ಅವರ ಗದ್ದಲದಲ್ಲಿ ಪಕ್ಕದವರ ಮಾತೂ ಸರಿಯಾಗಿ ಕೇಳುತ್ತಿಲ್ಲ.

“ಅಲ್ಲಿ, ಆ ದೊಡ್ಡ ಪಂದ್ಯದಲ್ಲಿ, ಇವರು ಹೀಗೇ ಗಲಾಟೆ ಮಾಡಬೇಕು. ಯಾರದು ಚೆಂಡು ಅಂತ ಅವರವರೇ ಹೇಳಿಕೊಂಡು ಆಡಬೇಕು. ನನ್ನ ದನಿಯೇ ಬೇಕಾಗಬಾರದು. ಒಂದು ಪಂದ್ಯ, ಒಂದೇ ಒಂದು, ನಾನು ಬೆಂಚಿನ ಮೇಲೆ ಬಾಯಿ ಮುಚ್ಚಿಕೊಂಡು ಕೂತು ನೋಡಬೇಕು ಎಜೆ.”

“ಅಯ್ಯೋ, ಅಷ್ಟೇನಾ?” ಎಂದ ಕುಮುಶ್ ಎಜೆ, ಅಯ್‌ನಬಾತರ ಹೆಗಲ ಮೇಲಿನ ಶಾಲಿನ ಅಂಚು ಹಿಡಿದು ಅವರ ತುಟಿಗಳ ನಡುವೆ ಸಿಕ್ಕಿಸಿಯೇಬಿಡುತ್ತಾರೆ. “ಹಿಡ್ಕೋ. ಗೆದ್ದು ಬನ್ನಿ, ನಾನೇ ಬಿಡಿಸ್ತೀನಿ.”